ಹೊಳೆಯ ಮೇಲಿನ ಸರಹದ್ದು: ಹರಿಹರದ ಸೇತುವೆ ಮತ್ತು ಕರ್ನೂಲಿನ ದೋಣಿ ಕಾಲುವೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ಊರುಗಳಲ್ಲಿ ರೈಲು ನಿಲ್ದಾಣವಿಲ್ಲ. ನಮ್ಮ ಕಡೆಯವರು ರೈಲು ಹತ್ತಬೇಕಾದರೆ ದಾವಣಗೆರೆ, ಹರಿಹರ, ಶಿವಮೊಗ್ಗ ಅಥವಾ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಹೋಗಬೇಕು. ಹೀಗಾಗಿ ನಮ್ಮ ಮಕ್ಕಳಿಗೆ ರೈಲು ಎಂದರೆ ಇಂದಿಗೂ ಸ್ವಲ್ಪ ಹಬ್ಬದ ವಿಷಯವೇ. ಆದರೆ ದಾವಣಗೆರೆಯಲ್ಲಿ ಹತ್ತಿ ಹುಬ್ಬಳ್ಳಿ ಕಡೆಗೆ ಹೊರಟವರು ಹರಿಹರ ದಾಟಿದ ಕೂಡಲೇ ಬರುವ ತುಂಗಭದ್ರೆಯ ಸೇತುವೆಯನ್ನು ನೋಡಿ "ಹೊಳೆ ಬಂತು" ಎನ್ನುತ್ತಾರೆ, ಮತ್ತೆ ಮೊಬೈಲಿಗೆ ತಿರುಗುತ್ತಾರೆ. ಆ ಒಂದು ನಿಮಿಷದಲ್ಲಿ ತಾವು ದಾಟಿದ್ದು ಒಂದು ಕಾಲದ ಸರಹದ್ದು ಎಂದು ಅವರಿಗೆ ಹೇಳುವವರು ಯಾರೂ ಇಲ್ಲ. ಈ ಲೇಖನ ಆ ಸರಹದ್ದಿನ ಬಗ್ಗೆ, ಅದರ ಮೇಲೆ ಕಟ್ಟಿದ ಸೇತುವೆಯ ಬಗ್ಗೆ ಮತ್ತು ಇದೇ ಹೊಳೆಯ ಕೆಳಭಾಗದಲ್ಲಿ ದೋಣಿಗಳನ್ನು ಮೆಟ್ಟಿಲು ಹತ್ತಿಸುತ್ತಿದ್ದ ವಿಚಿತ್ರ ಬಾಗಿಲುಗಳ ಬಗ್ಗೆ.

ಹೇಳುವವರು ಇದ್ದರೆ ಏನಾಗುತ್ತದೆ ಎಂಬುದಕ್ಕೆ ದೂರದ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕ ಮತ್ತು ಕೆನಡಾ ದೇಶಗಳ ನಡುವೆ ಸೇಂಟ್ ಮೇರೀಸ್ ಎಂಬ ನದಿ ಹರಿಯುತ್ತದೆ. ಅದರ ಎರಡು ದಡಗಳಲ್ಲಿ ಒಂದೇ ಹೆಸರಿನ ಎರಡು ಊರುಗಳಿವೆ, ಎರಡಕ್ಕೂ ಸೂ ಸೇಂಟ್ ಮರೀ ಎಂದೇ ಹೆಸರು. ಅಲ್ಲಿ ನದಿ ಸುಮಾರು 21 ಅಡಿ ಕೆಳಕ್ಕೆ ಧುಮುಕುವುದರಿಂದ ಹಡಗುಗಳು ಹೋಗಲಾರವು. ಅದಕ್ಕಾಗಿ 1855 ರಲ್ಲಿ 'ಲಾಕ್' ಎಂಬ ನೀರಿನ ಕೋಣೆಗಳನ್ನು ಕಟ್ಟಿ ಹಡಗುಗಳನ್ನು ಏರಿಸಿ ಇಳಿಸುವ ವ್ಯವಸ್ಥೆ ಮಾಡಿದರು. 1962 ರಲ್ಲಿ ಎರಡು ದೇಶಗಳನ್ನು ಸೇರಿಸುವ ಸೇತುವೆಯೂ ಆಯಿತು. ಪ್ರವಾಸಿಗರನ್ನು ಪುಟ್ಟ ಬೋಗಿಗಳ ಗಾಡಿಯಲ್ಲಿ ಕೂರಿಸಿ, ಒಬ್ಬರು ಮೈಕಿನಲ್ಲಿ ವಿವರಿಸುತ್ತಾ, ಈ ಲಾಕುಗಳನ್ನೂ ಗಡಿ ಸೇತುವೆಯನ್ನೂ ತೋರಿಸುವ ಪ್ರವಾಸಗಳು ಅಲ್ಲಿ ಏರ್ಪಟ್ಟವು. ನೋಡಲು ಅಲ್ಲಿ ತಾಜಮಹಲೇನೂ ಇಲ್ಲ. ಇರುವುದು ಕಬ್ಬಿಣದ ಬಾಗಿಲು, ನೀರು, ಒಂದು ಸೇತುವೆ. ವಿವರಣೆ ಇದೆ ಎಂಬ ಕಾರಣಕ್ಕೆ ಜನ ದುಡ್ಡು ಕೊಟ್ಟು ಹೋಗುತ್ತಾರೆ.

ಈಗ ನಮ್ಮ ಹೊಳೆಗೆ ಬರೋಣ. ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಸೇರಿ, ಹೊನ್ನಾಳಿಯ ಪಕ್ಕದಲ್ಲಿ ಹರಿದು ಹರಿಹರಕ್ಕೆ ಬರುತ್ತವೆ. ಚನ್ನಗಿರಿಯವರಿಗೂ ಹರಿಹರದಲ್ಲಿ ಒಂದು ಪಾಲಿದೆ. ಸೂಳೆಕೆರೆ ಅಂದರೆ ಶಾಂತಿಸಾಗರದಿಂದ ಹೊರಡುವ ಹರಿದ್ರಾ ಹೊಳೆ ತುಂಗಭದ್ರೆಯನ್ನು ಕೂಡುವುದು ಹರಿಹರದಲ್ಲಿಯೇ. ಹರಿಹರ ಬಲದಂಡೆಯಲ್ಲಿದೆ, ಎದುರಿನ ದಂಡೆಯಲ್ಲಿ ಕುಮಾರಪಟ್ಟಣ. ಇಂದು ಹರಿಹರ ದಾವಣಗೆರೆ ಜಿಲ್ಲೆ, ಕುಮಾರಪಟ್ಟಣ ಹಾವೇರಿ ಜಿಲ್ಲೆ, ಅಷ್ಟೇ ವ್ಯತ್ಯಾಸ. ಆದರೆ 1956 ರ ನವೆಂಬರ್ 1 ರವರೆಗೆ ಈ ಎರಡು ದಡಗಳು ಬೇರೆ ಬೇರೆ ರಾಜ್ಯಗಳಲ್ಲಿದ್ದವು. ಈಚೆ ಮೈಸೂರು, ಆಚೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಹರಿಹರದಿಂದ ಕೆಳಗೆ ಇದೇ ಹೊಳೆ ಮುಂಬಯಿ ಮತ್ತು ಮದ್ರಾಸು ಪ್ರಾಂತಗಳ ಗಡಿ, ಇನ್ನೂ ಕೆಳಗೆ ಮದ್ರಾಸು ಮತ್ತು ನಿಜಾಮರ ಹೈದರಾಬಾದಿನ ಗಡಿ. ಜಗಳೂರಿನವರಿಗಂತೂ ಹೊಳೆಯೇ ಇಲ್ಲದ ಗಡಿ ಇತ್ತು. ಅವರ ಉತ್ತರಕ್ಕೆ ಮದ್ರಾಸು ಪ್ರಾಂತದ ಬಳ್ಳಾರಿ ಜಿಲ್ಲೆ ಶುರುವಾಗುತ್ತಿತ್ತು. ಕನ್ನಡದ ಸರಹದ್ದು, ಉರ್ದುವಿನ ಸರ್ಹದ್ ಎರಡೂ ಒಂದೇ ಶಬ್ದ. ಈ ಶಬ್ದದ ಅರ್ಥವನ್ನು ಮಕ್ಕಳಿಗೆ ತಿಳಿಸಲು ನಕ್ಷೆಯಲ್ಲಿ ಪಾಕಿಸ್ತಾನದ ಗಡಿಯನ್ನೇ ತೋರಿಸಬೇಕಾಗಿಲ್ಲ, ಹರಿಹರದ ಹೊಳೆ ಸಾಕು.

ಈ ಸರಹದ್ದು ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ ನಮ್ಮ ಚನ್ನಗಿರಿಯವನದೇ ಒಂದು ಕಥೆಯಿದೆ. ಅವನ ಹೆಸರು ಧೋಂಡಿಯಾ ವಾಘ್. ಮರಾಠಾ ಕುಟುಂಬದಲ್ಲಿ ಚನ್ನಗಿರಿಯಲ್ಲಿ ಹುಟ್ಟಿ, ಹೈದರಾಲಿಯ ಕಾಲದಲ್ಲಿ ಮೈಸೂರಿನ ಸೈನ್ಯ ಸೇರಿದವನು. ಟಿಪ್ಪುವಿನ ಕಾಲದಲ್ಲಿ ಮುಸಲ್ಮಾನನಾಗಿ ಮಲಿಕ್ ಜಹಾನ್ ಖಾನ್ ಎಂಬ ಹೆಸರು ಪಡೆದ. ಮುಂದೆ ಅದೇ ಟಿಪ್ಪು ಅವನನ್ನು ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿಟ್ಟ. 1799 ರ ಮೇ 4 ರಂದು ಕೋಟೆ ಬಿದ್ದಾಗ ಸೆರೆಯಿಂದ ಹೊರಬಂದ ಧೋಂಡಿಯಾ, ಕೆಲಸ ಕಳೆದುಕೊಂಡಿದ್ದ ಟಿಪ್ಪುವಿನ ಸಿಪಾಯಿಗಳನ್ನು ಕೂಡಿಸಿಕೊಂಡು ಬಿದನೂರು, ಶಿಕಾರಿಪುರ ಸೀಮೆಗೆ ನುಗ್ಗಿದ. ತನ್ನನ್ನು ತಾನು ಉಭಯ ಲೋಕಗಳ ರಾಜ ಎಂದು ಕರೆದುಕೊಂಡ. ಒಂದು ಲೋಕವೇ ಇನ್ನೂ ಕೈಗೆ ಬಂದಿರದಿದ್ದವನು ಎರಡಕ್ಕೆ ರಾಜನಾದದ್ದು ನಗು ತರಿಸಬಹುದು. ಆದರೆ ಕಂಪನಿ ಸರ್ಕಾರ ಅವನನ್ನು ನಗುವಿನ ವಿಷಯವಾಗಿ ತೆಗೆದುಕೊಳ್ಳಲಿಲ್ಲ.

1799 ರ ಆಗಸ್ಟಿನಲ್ಲಿ ಇಂಗ್ಲಿಷರ ಎರಡು ಪಡೆಗಳು ಶಿವಮೊಗ್ಗ, ಹೊನ್ನಾಳಿ, ಶಿಕಾರಿಪುರದ ಕೋಟೆಗಳನ್ನು ಒಂದರ ಹಿಂದೆ ಒಂದರಂತೆ ಹಿಡಿದವು. ಧೋಂಡಿಯಾ ಓಡಿ ಮರಾಠರ ಸೀಮೆ ಹೊಕ್ಕ. ಬೆನ್ನಟ್ಟಿ ಬಂದ ಪಡೆ ಗಡಿಯಲ್ಲಿ ನಿಂತುಬಿಟ್ಟಿತು! ಆಚೆಯದು ಪೇಶ್ವೆಯ ರಾಜ್ಯ, ಅಪ್ಪಣೆಯಿಲ್ಲದೆ ಕಾಲಿಡುವಂತಿರಲಿಲ್ಲ. ಒಂದು ಇಡೀ ಸೈನ್ಯವನ್ನು ಕಾಣದ ಗೆರೆಯೊಂದು ತಡೆದ ಪ್ರಸಂಗವಿದು. ಮರುವರ್ಷ ಪೇಶ್ವೆಯ ಒಪ್ಪಿಗೆ ದೊರೆತ ಮೇಲೆ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಸ್ವತಃ ಹೊರಟ. ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆಗಿ 1815 ರಲ್ಲಿ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. 1800 ರ ಜೂನಿನಲ್ಲಿ ಅವನು ಹರಿಹರದಲ್ಲಿ ಬೀಡುಬಿಟ್ಟ. ಮಳೆಗಾಲ ಶುರುವಾಗಿ ಹೊಳೆ ತುಂಬುತ್ತಿತ್ತು, ಸೇತುವೆ ಇರಲಿಲ್ಲ. ಬಿದಿರು ಹೆಣೆದು ಚರ್ಮ ಹೊದಿಸಿದ ಹರಿಗೋಲುಗಳೇ ಗತಿ. ಈ ಬುಟ್ಟಿ ದೋಣಿಗಳ ಬೆಲೆಯನ್ನು ವೆಲ್ಲೆಸ್ಲಿ ಚೆನ್ನಾಗಿ ಅರಿತಿದ್ದ, ಮುಂದಿನ ದಂಡಯಾತ್ರೆಗಳಿಗೂ ಅವನ್ನು ಸಿದ್ಧಪಡಿಸಿಡುವಂತೆ ಬರೆಯುತ್ತಿದ್ದ. ಹೊಳೆ ದಾಟಿ ಜೂನ್ 27 ರಂದು ರಾಣೆಬೆನ್ನೂರಿನ ಕೋಟೆ ಹಿಡಿದ. ಅಲ್ಲಿಂದ ಮಲಪ್ರಭೆಯವರೆಗೆ ಅಟ್ಟಾಟ, ಕೊನೆಗೆ ಸೆಪ್ಟೆಂಬರ್ 10 ರಂದು ಕೃಷ್ಣಾ ತುಂಗಭದ್ರೆಗಳ ನಡುವಿನ ಕೋಣಗಲ್ಲಿನಲ್ಲಿ ಧೋಂಡಿಯಾ ಯುದ್ಧದಲ್ಲಿ ಸತ್ತ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಅವನ ಸಾಮಾನು ಸರಂಜಾಮುಗಳ ನಡುವೆ ಸುಮಾರು ನಾಲ್ಕು ವರ್ಷದ ಒಬ್ಬ ಮಗ ಸಿಕ್ಕ. ಹೆಸರು ಸಲಾಬತ್ ಖಾನ್. ವೆಲ್ಲೆಸ್ಲಿ ಆ ಹುಡುಗನನ್ನು ತನ್ನ ಡೇರೆಗೆ ಕರೆತರಿಸಿ ಪೋಷಿಸಿದ, 1805 ರಲ್ಲಿ ಹಿಂದೂಸ್ತಾನ ಬಿಡುವಾಗ ಅವನ ಪಾಲನೆಗೆಂದು ಹಣ ಬಿಟ್ಟುಹೋದ. ಸಲಾಬತ್ ಮುಂದೆ ಮೈಸೂರು ಅರಸರ ಸೇವೆಗೆ ಸೇರಿ 1822 ರಲ್ಲಿ ಕಾಲರಾದಿಂದ ತೀರಿಕೊಂಡ. ನಮ್ಮ ಚನ್ನಗಿರಿಯ ಮಕ್ಕಳಿಗೆ ನೆಪೋಲಿಯನ್ನನ ಹೆಸರು ಗೊತ್ತು, ವಾಟರ್ಲೂ ಗೊತ್ತು. ವಾಟರ್ಲೂ ಗೆದ್ದವನು ತಮ್ಮೂರಿನ ಒಬ್ಬನ ಬೆನ್ನುಹತ್ತಿ ತಿಂಗಳುಗಟ್ಟಲೆ ಅಲೆದಿದ್ದ ಎಂಬುದು ಗೊತ್ತಿಲ್ಲ. ಧೋಂಡಿಯಾನನ್ನು ವೀರನೆಂದು ಪೂಜಿಸಬೇಕೆಂದು ನಾನು ಹೇಳುತ್ತಿಲ್ಲ. ಅವನ ದಂಡು ರೈತರನ್ನು ಸುಲಿಯಲಿಲ್ಲವೆಂದು ಹೇಳುವಂತಿಲ್ಲ. ಆದರೆ ಊರಿನ ಮಕ್ಕಳಿಗೆ ಅವನ ಹೆಸರೇ ತಿಳಿಯದಿರುವುದು ಸರಿಯಲ್ಲ.

ಧೋಂಡಿಯಾ ಸತ್ತ 1800 ರಲ್ಲಿಯೇ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. 1818 ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಧಾರವಾಡ ಸೀಮೆಯೂ ಕಂಪನಿಗೆ ಸೇರಿತು. ಹೊಳೆಯ ಎರಡೂ ಕಡೆ ಇಂಗ್ಲಿಷರದೇ ಅಧಿಕಾರ ನಡೆದರೂ ಗಡಿ ಮಾತ್ರ ಅಳಿಸಲಿಲ್ಲ. ಆಡಳಿತ, ಕೋರ್ಟು, ಕಂದಾಯ, ಶಾಲೆಯ ಪುಸ್ತಕ ಎಲ್ಲವೂ ದಡದಿಂದ ದಡಕ್ಕೆ ಬೇರೆ. ಆಚೆ ದಡದ ಧಾರವಾಡದಲ್ಲಿ ಕನ್ನಡ ಶಾಲೆಗಳಿಗಾಗಿ, ಮರಾಠಿಯ ಪ್ರಾಬಲ್ಯದ ನಡುವೆ, ಡೆಪ್ಯುಟಿ ಚನ್ನಬಸಪ್ಪನವರಂಥವರು ಹೆಣಗಬೇಕಾಯಿತು. ಈಚೆ ದಡದಲ್ಲಿ ಆ ಸಮಸ್ಯೆ ಇರಲಿಲ್ಲ. ನಮ್ಮ ಹಿರಿಯರು ಇಂದಿಗೂ ರಾಣೆಬೆನ್ನೂರು, ಸವಣೂರಿನ ಕಡೆಯ ನೆಂಟರನ್ನು "ಹೊಳೆ ಆಚೆಯವರು" ಎನ್ನುವುದುಂಟು. ಹೆಣ್ಣು ತರುವುದಕ್ಕೂ ಕೊಡುವುದಕ್ಕೂ ಹೊಳೆ ಅಡ್ಡಿಯಾಗಿರಲಿಲ್ಲ.

ಹರಿಹರದ ಕಲ್ಲು ಸೇತುವೆ ಪೂರ್ಣವಾದದ್ದು 1868 ರಲ್ಲಿ. ಆಗ ಮೈಸೂರು ಸಂಸ್ಥಾನ ಕಮಿಷನರರ ಆಳ್ವಿಕೆಯಲ್ಲಿತ್ತು. ಲೆವಿನ್ ಬೌರಿಂಗ್ ಕಮಿಷನರ್, ಸ್ಯಾಂಕಿ ಮುಖ್ಯ ಇಂಜಿನಿಯರ್. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಗಾಗಿ ಕಲ್ಲು ಮತ್ತು ಇಟ್ಟಿಗೆಯಲ್ಲಿ ತಲಾ 60 ಅಡಿ ಅಗಲದ 14 ಕಮಾನುಗಳನ್ನು ಎತ್ತಿದರು. ಅಲ್ಲಿಯವರೆಗೆ ಮಳೆಗಾಲ ಬಂತೆಂದರೆ ಎತ್ತಿನ ಗಾಡಿಗಳು ಹೊಳೆಯ ಎರಡು ದಡಗಳಲ್ಲಿ ನೀರು ಇಳಿಯುವುದನ್ನು ಕಾಯಬೇಕಿತ್ತು. ಆ ಸೇತುವೆಯಾಗುವ ಮೂರು ವರ್ಷ ಮುಂಚೆ, 1865 ರವರೆಗೆ, ಹರಿಹರದ ಹತ್ತಿರ ಕಂಪನಿಯ ಕಾಲದ ದಂಡು ಇತ್ತು. ಸಿಪಾಯಿಗಳು ಹೋದರು, ಗಾಡಿಯವರು ಬಂದರು ಎನ್ನಬಹುದು.

ರೈಲು ಬಂದ ಕಾರಣ ಮಾತ್ರ ಸಂತೋಷದ್ದಲ್ಲ. 1876 ರಿಂದ 1878 ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರವನ್ನು ನೀವು ಕೇಳಿರಬಹುದು. 1871 ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ 55 ಸಾವಿರ. 1881 ರಲ್ಲಿ ಅದು ಸುಮಾರು 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಜನ ಹೆಚ್ಚುವ ಬದಲು ಎಂಟೂಮುಕ್ಕಾಲು ಲಕ್ಷದಷ್ಟು ಕಡಿಮೆಯಾದರು. ಹೊರಗಿನಿಂದ ಧಾನ್ಯ ಬಂದರೂ ಅದು ಬೆಂಗಳೂರಿನಂಥ ರೈಲು ಇದ್ದ ಊರಿಗೆ ಬರುತ್ತಿತ್ತು. ಅಲ್ಲಿಂದ ನಮ್ಮ ಸೀಮೆಗೆ ಗಾಡಿಯಲ್ಲಿ ಸಾಗಿಸಬೇಕು, ಗಾಡಿ ಎಳೆಯುವ ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದವು. ಈ ಪಾಠದಿಂದಲೇ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಸಂಸ್ಥಾನ ರೈಲುಹಾದಿಗೆ ಕೈಹಾಕಿತು. 1884 ರಲ್ಲಿ ಬೆಂಗಳೂರು ತುಮಕೂರು ನಡುವೆ ರೈಲು ಓಡಿತು. ಮುಂದಿನ ಕೆಲಸಕ್ಕೆ ಹಣ ಸಾಲದೆ ಹಾದಿಯನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ವಹಿಸಲಾಯಿತು. 1889 ರಲ್ಲಿ ಹಾದಿ ಹರಿಹರ ಮುಟ್ಟಿತು, ಆಚೆಯಿಂದ ಹುಬ್ಬಳ್ಳಿಯ ಹಾದಿ ಕೂಡಿಕೊಂಡಿತು. 1899 ರಲ್ಲಿ ಬೀರೂರು ಶಿವಮೊಗ್ಗ ಹಾದಿಯೂ ಆಯಿತು. ನಮ್ಮ ನಾಲ್ಕು ಊರುಗಳು ಈ ಹಾದಿಗಳ ನಡುವೆ ಉಳಿದುಬಿಟ್ಟವು. 1922 ರಲ್ಲಿ ದಾವಣಗೆರೆಯಲ್ಲಿ ಎಂ. ವೆಂಕಟಕೃಷ್ಣಯ್ಯನವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ, ಧಾರವಾಡದ ಕಡೆಯವರಿಗೆ ಬರುವ ನೇರ ದಾರಿ ಇದೇ ಹೊಳೆಯ ಮೇಲಿನದು. ಏಕೀಕರಣದ ಮಾತು ಭಾಷಣಗಳಲ್ಲಿ ಬರುವ ಮುಂಚೆ ಹಳಿಗಳ ಮೇಲೆ ಓಡಾಡುತ್ತಿತ್ತು. ಅಂದಿನ ಮೀಟರ್ ಗೇಜ್ ಹಳಿಗಳು 1990 ರ ದಶಕದಲ್ಲಿ ಬ್ರಾಡ್ ಗೇಜ್ ಆದವು.

ಇನ್ನು ಲಾಕುಗಳ ವಿಷಯ. ರೈಲಿಗಿಂತ ದೋಣಿ ಅಗ್ಗ, ಆದ್ದರಿಂದ ದೇಶಕ್ಕೆ ಬೇಕಾದದ್ದು ಹಳಿಯಲ್ಲ, ಕಾಲುವೆ ಎಂದು ಹಟ ಹಿಡಿದ ಒಬ್ಬ ಇಂಜಿನಿಯರ್ ಇದ್ದರು. ಅವರೇ ಸರ್ ಆರ್ಥರ್ ಕಾಟನ್. ಗೋದಾವರಿಗೆ ಅಣೆಕಟ್ಟು ಕಟ್ಟಿಸಿದ ಅವರನ್ನು ಆಂಧ್ರದ ರೈತರು ಇಂದಿಗೂ ನೆನೆಯುತ್ತಾರೆ. ನೀರಾವರಿಗೂ ದೋಣಿ ಸಂಚಾರಕ್ಕೂ ಒಂದೇ ಕಾಲುವೆ ಎಂಬುದು ಅವರ ಯೋಚನೆ. ಅದನ್ನು ನಂಬಿ ಲಂಡನ್ನಿನಲ್ಲಿ ಮದ್ರಾಸ್ ಇರಿಗೇಷನ್ ಅಂಡ್ ಕೆನಾಲ್ ಕಂಪನಿ ಹುಟ್ಟಿತು. ಅದು ಹಾಕುವ 10 ಲಕ್ಷ ಪೌಂಡ್ ಬಂಡವಾಳಕ್ಕೆ ನೂರಕ್ಕೆ 5 ರಂತೆ ಬಡ್ಡಿಯ ಖಾತರಿಯನ್ನು ಸರ್ಕಾರವೇ ಕೊಟ್ಟಿತು. ಲಾಭವಾದರೆ ಕಂಪನಿಗೆ, ನಷ್ಟವಾದರೆ ಕಂದಾಯ ಕಟ್ಟುವ ರೈತನಿಗೆ, ಒಪ್ಪಂದದ ತಿರುಳು ಇಷ್ಟು. ಕಂಪನಿ ಆರಿಸಿದ ಹೊಳೆ ನಮ್ಮ ತುಂಗಭದ್ರೆ. ಕರ್ನೂಲಿನ ಮೇಲ್ಭಾಗದಲ್ಲಿ ಸುಂಕೇಶುಲ ಎಂಬಲ್ಲಿ ಅಣೆಕಟ್ಟು ಹಾಕಿ, 1863 ರಿಂದ ಶುರುಮಾಡಿ ಏಳೆಂಟು ವರ್ಷಗಳಲ್ಲಿ ಕಡಪದವರೆಗೆ ಸುಮಾರು 190 ಮೈಲಿ ಉದ್ದದ ಕಾಲುವೆ ತೋಡಿದರು. ಕರ್ನೂಲಿನಲ್ಲಿ ಹಂದ್ರಿ ನದಿ ಅಡ್ಡ ಬಂದಾಗ ಅದರ ಮೇಲೆಯೇ ಸೇತುವೆ ಕಟ್ಟಿ ಕಾಲುವೆಯನ್ನು ದಾಟಿಸಿದರು. ನದಿಯ ಮೇಲೆ ಕಾಲುವೆ, ಕಾಲುವೆಯ ಮೇಲೆ ದೋಣಿ! ಹೊನ್ನಾಳಿಯಲ್ಲಿ ಹರಿದ ನೀರೇ ಪೆನ್ನಾರ್ ನದಿಯ ಸೀಮೆಗೆ ಹೀಗೆ ತಲುಪಿತು.

ಕಾಲುವೆ ಇಳಿಜಾರಿನಲ್ಲಿ ಹೋಗುತ್ತದೆ. ಇಳಿಯುವ ದೋಣಿ ಬಂಡೆಗೆ ಬಡಿಯಬಾರದು, ಏರುವ ದೋಣಿ ಪ್ರವಾಹದ ಎದುರು ಹೋಗಬೇಕು. ಅದಕ್ಕೆ ಉಪಾಯವೇ ಲಾಕ್. ಎಂಟನೇ ತರಗತಿಯ ಮಕ್ಕಳಿಗೆ ನಾನು ಹೇಳುವ ರೀತಿ ಹೀಗೆ: ಎರಡು ಬಾಗಿಲುಗಳಿರುವ ಒಂದು ಕೋಣೆಯನ್ನು ನೆನೆಸಿಕೊಳ್ಳಿ. ಮೇಲಿನ ಬಾಗಿಲ ಆಚೆ ಎತ್ತರದ ನೀರು, ಕೆಳಗಿನ ಬಾಗಿಲ ಆಚೆ ತಗ್ಗಿನ ನೀರು. ದೋಣಿ ಕೆಳಗಿನ ಬಾಗಿಲಿನಿಂದ ಒಳಗೆ ಬಂದ ಮೇಲೆ ಆ ಬಾಗಿಲು ಮುಚ್ಚುತ್ತಾರೆ. ಮೇಲಿನ ಬಾಗಿಲಲ್ಲಿರುವ ಸಣ್ಣ ತೂಬು ತೆರೆದರೆ ನೀರು ಒಳಗೆ ಬರುತ್ತದೆ, ನೀರಿನೊಂದಿಗೆ ದೋಣಿಯೂ ಏರುತ್ತದೆ. ಒಳಗಿನ ನೀರು ಮೇಲಿನ ನೀರಿಗೆ ಸಮನಾದಾಗ ಮೇಲಿನ ಬಾಗಿಲು ಸುಲಭವಾಗಿ ತೆರೆದುಕೊಳ್ಳುತ್ತದೆ, ದೋಣಿ ಮುಂದೆ ಹೋಗುತ್ತದೆ. ಇಳಿಯುವಾಗ ಇದೇ ಕ್ರಮ ತಿರುಗುಮುರುಗು. ಪಂಪು ಬೇಡ, ಯಂತ್ರ ಬೇಡ, ಎಷ್ಟೇ ಭಾರವಿದ್ದರೂ ನೀರೇ ಹೊರುತ್ತದೆ. ಬಾಗಿಲಿನ ಎರಡು ರೆಕ್ಕೆಗಳನ್ನು ಮೇಲಿನ ನೀರಿನ ಕಡೆಗೆ ಮೂಗು ಮಾಡಿದಂತೆ ಕೂಡಿಸುತ್ತಾರೆ, ನೀರು ಒತ್ತಿದಷ್ಟೂ ಅವು ಬಿಗಿಯಾಗುತ್ತವೆ. ಸೂಳೆಕೆರೆಯ ಸಿದ್ದ ಮತ್ತು ಬಸವ ಎಂಬ ತೂಬುಗಳನ್ನು ನೋಡಿದ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ತೂಬು ನೀರನ್ನು ಗದ್ದೆಗೆ ಕಳಿಸುತ್ತದೆ, ಲಾಕ್ ನೀರನ್ನು ಏಣಿಯಾಗಿ ಬಳಸುತ್ತದೆ, ಇಷ್ಟೇ ಭೇದ.

ಉಪಾಯ ಚೆನ್ನಾಗಿತ್ತು, ಲೆಕ್ಕ ತಪ್ಪಿತ್ತು. ಗೋದಾವರಿಯ ಬಯಲಲ್ಲಿ ನಡೆದದ್ದು ಇಲ್ಲಿ ನಡೆಯಲಿಲ್ಲ. ಬೇಸಿಗೆಯಲ್ಲಿ ತುಂಗಭದ್ರೆ ಬತ್ತುತ್ತದೆ, ದೋಣಿ ಓಡಿಸಲು ವರ್ಷವಿಡೀ ನೀರು ಬೇಕು. ಕಪ್ಪು ಮಣ್ಣಿನ ರೈತ ಮಳೆ ಬಂದರೆ ಜೋಳ ಬೆಳೆದುಕೊಳ್ಳುತ್ತಾನೆ, ನೀರಿಗೆ ತೆರಿಗೆ ಏಕೆ ಕೊಟ್ಟಾನು? ಬರದ ವರ್ಷಗಳಲ್ಲಿ ಮಾತ್ರ ಕಾಲುವೆಯ ನೀರಿಗೆ ಕೈಯೊಡ್ಡಿದರು, ಬರ ಹೋದ ಮೇಲೆ ಮತ್ತೆ ಬಿಟ್ಟರು. ಎರಡು ಕೋಟಿ ರೂಪಾಯಿಗೂ ಹೆಚ್ಚು ನುಂಗಿದ ಕಾಲುವೆಯನ್ನು 1882 ರಲ್ಲಿ ಸರ್ಕಾರ ಕೊಂಡುಕೊಂಡಿತು. ರೈಲು ಬಂದ ಮೇಲೆ ದೋಣಿಗಳಿಗೆ ಸರಕು ಇನ್ನೂ ಕಡಿಮೆಯಾಯಿತು. 1933 ರಲ್ಲಿ ದೋಣಿ ಸಂಚಾರ ನಿಂತೇಹೋಯಿತು. ಆದರೆ ಕಾಲುವೆ ಸಾಯಲಿಲ್ಲ. ಕೆ.ಸಿ. ಕಾಲುವೆ ಎಂಬ ಹೆಸರಿನಲ್ಲಿ ಇಂದಿಗೂ ಹೊಲಗಳಿಗೆ ನೀರು ಕೊಡುತ್ತಿದೆ. ಕೃಷ್ಣಾ ನದಿ ನೀರಿನ ವ್ಯಾಜ್ಯದಲ್ಲಿ ಬಚಾವತ್ ನ್ಯಾಯಮಂಡಳಿ ಅದಕ್ಕೆ 39.9 ಟಿಎಂಸಿ ನೀರಿನ ಪಾಲನ್ನೂ ಒಪ್ಪಿತು. ಕಾಟನ್ ಸಾಹೇಬರು ಅರ್ಧ ಗೆದ್ದರು, ಅರ್ಧ ಸೋತರು ಎಂದು ನನ್ನ ಅಭಿಪ್ರಾಯ. ನೀರಾವರಿಯ ವಿಷಯದಲ್ಲಿ ಅವರ ಮಾತು ನಿಂತಿತು, ದೋಣಿಯ ವಿಷಯದಲ್ಲಿ ರೈಲು ಗೆದ್ದಿತು.

ಬಾಗಿಲುಗಳ ಮಾತು ಬಂದದ್ದರಿಂದ ಇನ್ನೊಂದು. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿಗೆ 33 ಕ್ರೆಸ್ಟ್ ಗೇಟುಗಳಿವೆ. 2024 ರ ಆಗಸ್ಟ್ 10 ರ ರಾತ್ರಿ ಅದರಲ್ಲಿ 19 ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋದಾಗ, ಮೂರು ರಾಜ್ಯಗಳ ರೈತರು ಒಂದು ವಾರ ನಿದ್ದೆಗೆಟ್ಟರು. ಒಂದು ಬಾಗಿಲಿನ ಬೆಲೆ ಏನೆಂದು ಅಂದು ಎಲ್ಲರಿಗೂ ತಿಳಿಯಿತು. ಜಗಳೂರಿನ ವಿದ್ಯಾರ್ಥಿಗಳಿಗೆ ಇನ್ನೊಂದು ಹೋಲಿಕೆ ಹೇಳಬಹುದು. ಹರಿಹರದ ಬಳಿಯ ತುಂಗಭದ್ರೆಯಿಂದ ನಿಮ್ಮ ತಾಲ್ಲೂಕಿನ 57 ಕೆರೆಗಳನ್ನು ತುಂಬಿಸುವ ಯೋಜನೆಯಲ್ಲಿ ನೀರನ್ನು ಮೇಲೇರಿಸುವುದು ವಿದ್ಯುತ್ ಪಂಪು. ಲಾಕಿನಲ್ಲಿ ನೀರು ದೋಣಿಯನ್ನು ಹೊತ್ತರೆ, ಇಲ್ಲಿ ನೀರನ್ನೇ ಹೊರಬೇಕು. ಅದರ ಕರೆಂಟಿನ ಬಿಲ್ಲು ಎಷ್ಟಾದೀತು ಎಂದು ಗಣಿತದ ಮೇಷ್ಟ್ರನ್ನು ಕೇಳಿ ನೋಡಿ.

ನಮ್ಮ ಶಾಲೆಗಳ ಪ್ರವಾಸ ಎಂದರೆ ಮೈಸೂರು, ಹಂಪಿ, ಜೋಗ. ಅವೆಲ್ಲ ಬೇಕು. ಆದರೆ ಬಸ್ಸಿನ ಬಾಡಿಗೆ ಕೊಡಲಾರದ ತಂದೆತಾಯಿಗಳ ಮಕ್ಕಳು ಪ್ರತಿ ವರ್ಷ ಊರಲ್ಲೇ ಉಳಿಯುತ್ತಾರೆ, ಹೆಣ್ಣುಮಕ್ಕಳನ್ನು ರಾತ್ರಿ ಹೊರಗೆ ಕಳಿಸಲು ಮನೆಯವರು ಒಪ್ಪುವುದಿಲ್ಲ. ಇಂಥವರಿಗಾಗಿ ಒಂದು ದಿನದ ರೈಲು ಪ್ರವಾಸವನ್ನು ಸದಸ್ಯರು ಯೋಚಿಸಬೇಕೆಂದು ಕೋರುತ್ತೇನೆ. ಬೆಳಿಗ್ಗೆ ದಾವಣಗೆರೆಯಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿ ರಾಣೆಬೆನ್ನೂರಿನಲ್ಲಿ ಇಳಿಯುವುದು, ಹಿಂದಿರುಗುವಾಗ ಹರಿಹರದಲ್ಲಿ ಇಳಿದು ಹೊಳೆದಂಡೆ ನೋಡಿ ಸಂಜೆಗೆ ಮನೆ ಸೇರುವುದು. ವಿವರಣೆ ಮಕ್ಕಳದೇ ಆಗಲಿ, ಒಬ್ಬರು ಕನ್ನಡದಲ್ಲಿ, ಒಬ್ಬರು ಉರ್ದುವಿನಲ್ಲಿ. ಲಾಕಿನ ಮಾದರಿಯನ್ನು ರಟ್ಟು, ಮೇಣ ಮತ್ತು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊದಲೇ ತಯಾರಿಸಿ ಹೊಳೆದಂಡೆಯಲ್ಲಿ ನೀರು ತುಂಬಿ ತೋರಿಸಬಹುದು. ಒಂದು ಎಚ್ಚರಿಕೆ ಮಾತ್ರ ಬೇಕು. ದಾವಣಗೆರೆಯಿಂದ ಹರಿಹರಕ್ಕೆ ಇರುವುದು ಸುಮಾರು 14 ಕಿಲೋಮೀಟರ್, ಆಮೇಲೆ ಸೇತುವೆ ಬಂದು ಹೋಗುವುದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಧೋಂಡಿಯಾನ ಕಥೆ ಹೇಳುವ ಹುಡುಗ ಗಾಡಿ ದಾವಣಗೆರೆ ಬಿಟ್ಟ ಕೂಡಲೇ ಶುರುಮಾಡಬೇಕು.